ಕಡ್ಲಿ ಹೂವಿನ ಬಣ್ಣದ ವಾಯಿಲ್

ಮಾರ್ಚ್ ೧೧, ೧೯೩೫. ಗೋಕಾಕ. ಮಧ್ಯಾಹ್ನ.

ಜೋಳ ಹಸನು ಮಾಡಿದ್ದಾಯಿತು. ಅತ್ತೆಯವರು ಅಡ್ಡಾಗಿದ್ದಾರೆ. ಇಷ್ಟೇ ಹೊತ್ತು ನನ್ನದು.

ನಿನ್ನೆ ಅಂಗಡಿಗೆ ಮುಂಬೈ ಪಾರ್ಸೆಲ್ ಬಂತು. ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ. ಬಿಸಿಲುಗಾಲಕ್ಕೆಂದು ಇವರು ತರಿಸಿದ ಮಾಲು, ಎಲ್ಲ ತೆಳು ಹತ್ತಿಯ ವಾಯಿಲ್ ಸೀರೆಗಳು. (ಗಂಡನ ಹೆಸರು ನನ್ನ ಮಾತಾಗಿ ಬರೆಯುವುದಿಲ್ಲ; ಬೇರೆಯವರು ಕರೆದದ್ದು ಬೇರೆ. ಯಾರೂ ಓದದ ಕಾಗದವಾದರೂ ಕೈ ಏಳುವುದಿಲ್ಲ.) ಮಾವನವರನ್ನು ಕೇಳದೆ ಆರ್ಡರ್ ಕೊಟ್ಟಿದ್ದರಂತೆ. ಮನೆಗೂ ಅಂಗಡಿಗೂ ನಡುವೆ ಒಂದೇ ಬಾಗಿಲು. ಎಲ್ಲ ಕೇಳಿಸುತ್ತದೆ. ಮಾವನವರ ದನಿ:

"ಇದೇನೋ ರಾಚಪ್ಪಾ, ಅರಿವಿಯೋ ಜ್ಯಾಡರ ಬಲಿಯೋ? ಈಚೀಲೆ ಹಿಡದ್ರ ಆಚೀಲೆ ಕಾಣತೈತಿ. ಯಾವ ಗರತಿ ಉಡತಾಳ ಇದನ್ನ?"

ಇವರು ಉತ್ತರ ಕೊಡಲಿಲ್ಲ. ಎಂದೂ ಕೊಡುವುದಿಲ್ಲ. ಅಪ್ಪನ ಎದುರಿಗೂ ಮಾತಿಲ್ಲ, ನನ್ನ ಎದುರಿಗೂ ಇಲ್ಲ. ಮದುವೆಯಾಗಿ ಎರಡು ವರ್ಷ. "ನೀರು ಕೊಡು", "ದೀಪ ಸಣ್ಣ ಮಾಡು", "ಉಂಡಿ?" — ಸಂಸಾರದ ಮಾತೆಲ್ಲ ಇದರಲ್ಲೇ ಮುಗಿದಿದೆ.

ಸಂಜೆ ಒಂದು ಸೀರೆ ಒಳಗೆ ಬಂದಿತ್ತು, ಮಡಿಕೆ ಬಿಚ್ಚಿದ್ದು. ಮುಟ್ಟಿದೆ. ತಣ್ಣಗೆ… ಕೈಯಲ್ಲಿ ಇದೆಯೋ ಇಲ್ಲವೋ ಅನ್ನುವ ಹಾಗೆ.

ಮಾರ್ಚ್ ೧೬.

ಅಣ್ಣಪ್ಪ ಮಾಸ್ತರರು ಅಂಗಡಿಗೆ ಬಂದಿದ್ದರು. ಗಂಡುಹುಡುಗರ ಸಾಲಿಯ ಮಾಸ್ತರರು. ವರ್ಷಾ ಯುಗಾದಿಗೆ ಊರವರನ್ನು ಕಟ್ಟಿಕೊಂಡು ನಾಟಕ ಆಡಿಸುತ್ತಾರೆ. ಈ ಸಲ ತಾವೇ ಬರೆದಿದ್ದಾರೆ. ಜೂಜಿನ ಗಂಡ, ಮನೆಯಲ್ಲಿ ಹೆಂಡತಿ, ಜ್ವರದಲ್ಲಿ ತೀರಿಕೊಳ್ಳುವ ಕೂಸು. ಹೆಂಡತಿಯ ಪಾರ್ಟು ಮಾಡುವವನಿಗೆ ಮಂಗಬಾವು. ಕೆನ್ನೆ ಬೋರಲು ಗಡಿಗೆಯಂತಾಗಿದೆಯಂತೆ.

"ರಾಚಪ್ಪನ್ನ ಕೊಡ್ರಿ. ಮೈ ಸಣ್ಣಂದು, ದನಿ ಮೆತ್ತಂದು."

"ನನ್ನ ಮಗಾ ಸೀರಿ ಮಾರತಾನ್ರಿ ಮಾಸ್ತರ, ಉಡೂದಿಲ್ಲ."

"ಉಟ್ರ ಮಾರಾಟ ಆಗತಾವ್ರಿ, ಗುರುಲಿಂಗಪ್ಪಣ್ಣಾರ. ಊರಾಗಿನ ಹೆಂಗಸರೆಲ್ಲಾ ಬಂದು ಕುಂಡ್ರತಾರ. ನಾಯಕಿ ಉಟ್ಟದ್ದನ್ನ ಮರುದಿನಾ ಬಂದು ಕೇಳತಾರ."

ಮಾವನವರು ಗಜಕೋಲು ಕೆಳಗಿಟ್ಟರು. ಆಮೇಲೆ, "ಯಾವ ಬಣ್ಣದ್ದು ಉಡಸ್ತೀರಿ?" ಅಂದರು.

ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಮಾರ್ಚ್ ೨೧.

ನಿನ್ನೆ ಹೋಳಿ. ಇವರ ಕಿವಿಯ ಹಿಂದೆ ಇನ್ನೂ ಕೆಂಪು ಉಳಿದಿದೆ.

ಅತ್ತೆಯವರು ಇಂದು, "ಹೋಗವಾ, ಆ ಹುಚ್ಚಗ ನಿರಿಗಿ ಹಿಡಿಯೂದು ಕಲಸು. ಊರ ಮುಂದ ಕಳಚಿ ಬಿದ್ದೀತು" ಅಂದರು. ಬೆಳಕಿನಲ್ಲಿ ನಾವಿಬ್ಬರೇ ಒಂದು ಕೋಣೆಯಲ್ಲಿ ನಿಂತದ್ದು ಇದೇ ಮೊದಲು. ಬಾಗಿಲು ತೆರೆದೇ ಇತ್ತು, ಅದು ಬೇರೆ.

ಇವರು ನಾಕು ಬಣ್ಣ ಹರವಿದರು. "ಯಾವುದು?" ಅಂದರು. ನನ್ನನ್ನು ಕೇಳಿದರು! ಕಡ್ಲಿ ಹೂವಿನ ತಿಳಿ ನೇರಳೆ ಬಣ್ಣದ್ದನ್ನು ತೋರಿಸಿದೆ.

ಗಂಟು ಹಾಕುವುದು ಬಂತು, ಕಚ್ಚೆ ಬಂತು. ನಿರಿಗೆ ಮಾತ್ರ ಕೈಯಲ್ಲಿ ನಿಲ್ಲದು. ವಾಯಿಲ್ ಜಾರುತ್ತದೆ. ಮೂರನೆಯ ಸಲ ಹೊಸ್ತಿಲಲ್ಲಿ ಕಾಲು ಸಿಕ್ಕಿ ಜೋಳದ ಚೀಲದ ಮೇಲೆ ಹೋಗಿ ಕೂತರು. ನಾನು ನಕ್ಕೆ. ತಡೆಯಲಾಗಲಿಲ್ಲ. ಅವರೂ ನಕ್ಕರು. ಮುಂದಿನ ಹಲ್ಲೊಂದು ಸ್ವಲ್ಪ ಸೊಟ್ಟಗಿದೆ… ಇವತ್ತು ಗೊತ್ತಾಯಿತು.

ಮಾರ್ಚ್ ೨೯.

ದಿನಾ ತಾಲೀಮು. ಮಾಸ್ತರರು ಹೇಳಿ ಕಳಿಸಿದ್ದಾರೆ, ನಡಿಗೆ ಇನ್ನೂ ಗಂಡಸಿನದು ಅಂತ. ಹಿತ್ತಿಲಲ್ಲಿ ಕೊಡ ಕೊಟ್ಟು ನಡೆಸಿದೆ. ಅರ್ಧ ನೀರು ಮೈಮೇಲೆ. ಕೆಲಸಕ್ಕೆ ಬರುವ ಸತ್ತೆವ್ವ ನೋಡಿ, "ಯವ್ವಾ, ನಿನಗ ವಾರಗಿತ್ತಿ ಬಂದ್ಳಲ್ಲ!" ಅಂದಳು.

ಒಂದೇ ಚಿಂತೆ. ಕೂಸು ಸಾಯುವ ಸೀನು. ಮಾಸ್ತರರು ಅದಕ್ಕೊಂದು ಹಾಡು ಬರೆದಿದ್ದಾರೆ. ಇವರು ಹಾಡುವಾಗ ಅಂಗಡಿಯಿಂದ ಕೇಳಿಸುತ್ತದೆ. ನಾನು ಒಲೆಯ ಮುಂದಿನಿಂದ ಎದ್ದು ಹೋಗುತ್ತೇನೆ.

ಹೋದ ಶ್ರಾವಣದ ಮಾತು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಏಳು ತಿಂಗಳಿಗೇ ಹುಟ್ಟಿತು. ಹೆಣ್ಣು. ತವರಿಗೆ ಹೋಗಲೂ ಹೊತ್ತಿರಲಿಲ್ಲ. ಒಂದು ರಾತ್ರಿ ಇತ್ತು, ಬೆಳಗಿಗೆ ಇರಲಿಲ್ಲ. ಅಷ್ಟೇ.

ಏಪ್ರಿಲ್ ೪. ಯುಗಾದಿ.

ಬೇವು ಬೆಲ್ಲ. ಹೋಳಿಗೆ ತಟ್ಟಿ ತಟ್ಟಿ ಕೈ ಬಿದ್ದುಹೋಗಿದೆ. ನಾಡಿದ್ದು ನಾಟಕ. ಹೆಂಗಸರಿಗೆ ಬೇರೆ ಜಾಗ, ಬಿದಿರ ತಟ್ಟಿಯ ಆಚೆ. ಅತ್ತೆಯವರೂ ಬರುತ್ತಾರಂತೆ. ನಾಯಕಿಯ ಮಾತುಗಳನ್ನು ಮನಸ್ಸಿನಲ್ಲೇ ಒಪ್ಪಿಸುತ್ತಿದ್ದೇನೆ. ನಾನೇ ಪಾರ್ಟು ಮಾಡುವವಳ ಹಾಗೆ.

ಏಪ್ರಿಲ್ ೭. ರವಿವಾರ.

ನಾಟಕ ನೋಡಿ ಬಂದೆವು. ಬರೆಯಲಾಗುತ್ತಿಲ್ಲ.

ಏಪ್ರಿಲ್ ೮.

ಬರೆಯದೆ ಇರಲೂ ಆಗುತ್ತಿಲ್ಲ.

ಪರದೆ ಎದ್ದಿತು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಕಡ್ಲಿ ಹೂವಿನ ಸೀರೆ. ಹೆಂಗಸರೆಲ್ಲ ಒಮ್ಮೆಗೇ ಉಸಿರೆಳೆದರು. ನನಗೆ ಹೆಮ್ಮೆ. ಆಮೇಲೆ ನೋಡುತ್ತೇನೆ — ರಂಗದ ಮೇಲೆ ನಿಂತವಳು ನಾನು.

ಹಿಟ್ಟಿನ ಕೈಯಾದಾಗ ಸೆರಗನ್ನು ಮಣಿಕಟ್ಟಿನಿಂದ ಮೇಲೆ ಸರಿಸುವುದು. ಯಾರಾದರೂ ಕರೆದರೆ ತಿರುಗುವ ಮೊದಲು ಒಂದು ಚಣ ನಿಲ್ಲುವುದು. ನಗು ಬಂದರೆ ಗೋಡೆಯ ಕಡೆ ಮುಖ ಮಾಡುವುದು. ಇದ್ಯಾವುದನ್ನೂ ನಾನು ಕಲಿಸಿರಲಿಲ್ಲ. ಮೂಕನಂತೆ ಇರುವ ಈ ಮನುಷ್ಯ ಎರಡು ವರ್ಷ ನೋಡುತ್ತಲೇ ಇದ್ದರು. ನನ್ನ ಕಿವಿ ಬಿಸಿಯಾಯಿತು. ಖರೆ ಹೇಳಬೇಕೆಂದರೆ — ಸುಖವಾಯಿತು.

ಆಮೇಲೆ ಆ ಸೀನು. ಹಾರ್ಮೋನಿಯಂ ಪೇಟಿಯವನು ಹಾಡಿಗೆ ಸುರ ಹಿಡಿದ. ಇವರು ಹಾಡಲಿಲ್ಲ. ಕೆಳಗೆ ಕೂತರು. ಮಡಿಲಲ್ಲಿದ್ದ ಬಟ್ಟೆಯ ಕೂಸಿನ ತಲೆಯಿಂದ ಕುಂಚಗಿ ತೆಗೆದರು, ಕೂಸಿನ ಟೊಪ್ಪಿಗೆ. ಅದರ ಹೊಲಿಗೆ ಬಿಚ್ಚತೊಡಗಿದರು. ಒಂದೊಂದೇ ಎಳೆ. ಪೇಟಿ ನಿಂತಿತು. ಅಷ್ಟು ಮಂದಿ, ಒಂದು ಕೆಮ್ಮು ಇಲ್ಲ.

ಅದು ನಾನು ಮಾಡಿದ್ದು. ಶ್ರಾವಣದಲ್ಲಿ, ಒಳಗಿನ ಕೋಣೆಯಲ್ಲಿ, ಒಬ್ಬಳೇ. ಅಂಗಡಿಯ ತುಂಡು ಖಣದಲ್ಲಿ ಹೊಲಿದಿಟ್ಟಿದ್ದ ಕುಂಚಗಿ. ಬಿಚ್ಚಿ ಮತ್ತೆ ಬರೀ ಅರಿವೆ ಮಾಡಿದೆ. ಯಾರೂ ನೋಡಿಲ್ಲವೆಂದುಕೊಂಡಿದ್ದೆ.

ನನ್ನ ಬಾಜೂ ಕೂತ ಹೆಂಗಸರು ಅಳುತ್ತಿದ್ದರು. ನಾನು ಎದ್ದು ಹೊರಗೆ ಬಂದುಬಿಟ್ಟೆ.

ಏಪ್ರಿಲ್ ೧೦.

ಮಾಸ್ತರರು ಹೇಳಿದ್ದು ಸುಳ್ಳಾಗಲಿಲ್ಲ. ಬೆಳಗಿನಿಂದ ಅಂಗಡಿಯಲ್ಲಿ ಹೆಂಗಸರು. "ರಾಚಪ್ಪ ಉಟ್ಟಿದ್ದನಲ್ರಿ, ಅದ ಬಣ್ಣಾ ಕೊಡ್ರಿ." ಜ್ಯಾಡರ ಬಲೆ ಎಂದವರು ಈಗ ಅದನ್ನೇ ಹರವಿ ಹರವಿ ತೋರಿಸುತ್ತಿದ್ದಾರೆ.

ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಕರೆವ್ವ ಎಂಬವಳು ಎಲ್ಲರ ಮುಂದೆ, "ಶಂಕ್ರವ್ವಾ, ನಿನ್ನನ್ನ ನೋಡಿದಂಗ ಆತು ನೋಡವಾ. ನಿನ್ನ ಗಂಡ ನಿನ್ನ ಹೊಟ್ಟ್ಯಾಗಿಂದೆಲ್ಲಾ ತಗದು ತೋರಿಸಿಬಿಟ್ಟ" ಅಂದಳು. ಒಳ್ಳೆಯ ಮಾತೇ ಇರಬಹುದು. ಒದ್ದೆ ಬಟ್ಟೆಯನ್ನೆಲ್ಲ ಹಾಗೇ ಬುಟ್ಟಿಗೆ ತುಂಬಿಕೊಂಡು ಬಂದೆ.

ಇವರು ಉಣ್ಣಲು ಕೂತಾಗ ನೀರಿನ ತಂಬಿಗೆ ದೂರದಿಂದ ಸರಿಸಿದೆ. ಮುಖ ನೋಡಲಿಲ್ಲ.

ತವರಿಗೆ ಹೋಗಿ ಬರುತ್ತೇನೆಂದು ಅತ್ತೆಯವರನ್ನು ಕೇಳಿದೆ. ಏಕೆಂದು ಕೇಳಲಿಲ್ಲ ಅವರು.

ಏಪ್ರಿಲ್ ೧೩. ಮೂಡಲಗಿ.

ಅವ್ವ ಎಣ್ಣೆ ಹಚ್ಚಿ ತಲೆ ಬಾಚಿದಳು. "ಅಂವಾ ಹೊಡದ್ನೇನ?" — ಇಲ್ಲ. "ಕುಡೀತಾನೇನ?" — ಇಲ್ಲ. "ಮತ್ತೇನವಾ?"

ಏನು ಹೇಳಲಿ? ನನ್ನನ್ನು ಅಷ್ಟು ಚೆನ್ನಾಗಿ ನೋಡಿದ್ದಾರೆ ಎಂದು ಸಿಟ್ಟು ಅಂದರೆ ಯಾರಿಗೆ ತಿಳಿಯುತ್ತದೆ?

ಏಪ್ರಿಲ್ ೨೭. ಮೂಡಲಗಿ. ಸಂಜೆ.

ಇವರು ಬಂದಿದ್ದರು. ಸಂತೆಗೆ ಗಂಟು ಹೊತ್ತು ಬಂದೆ ಅಂದರು. ಇಂದು ಸಂತೆಯೇ ಅಲ್ಲ! ಅವ್ವ ಹಿತ್ತಿಲಲ್ಲಿ ಕಂಬಳಿ ಹಾಸಿ, ಮೆಣಸಿನಕಾಯಿ ಒಣಹಾಕುವುದಿದೆ ಎಂದು ಮಾಳಿಗೆ ಹತ್ತಿದಳು.

ಬೇವಿನ ನೆರಳು. ಅವರು ಕಂಬಳಿಯ ನೂಲು ಎಳೆಯುತ್ತ ಕೂತರು. ಈ ಸಲ ನಾನೇ ಮೊದಲು ಮಾತಾಡಿದೆ.

"ಎಲ್ಲಾರ ಮುಂದ ಯಾಕ ತೋರಿಸಿದ್ರಿ ಅದನ್ನ? ಅದು ನಂದಿತ್ತು."

"ನಿಂದಷ್ಟ ಅಲ್ಲ," ಅಂದರು. ತಲೆ ಎತ್ತಲಿಲ್ಲ. "ನಾನೂ ಅದರಪ್ಪ ಇದ್ನಿ."

ನಾನು ಕಂಬಳಿಯ ಅಂಚಿಗೆ ಕೂತೆ.

"ಮಣ್ಣಿಗೆ ಒಯ್ದಾಂವ ನಾನು. ಎಷ್ಟ ಹಗರಿತ್ತು ಗೊತ್ತೈತೇನ ನಿನಗ? ಅಂಗಡ್ಯಾಗಿನ ಒಂದ ತಾನು ಮಲ್‌ಮಲ್ಲಿನಷ್ಟೂ ಇರಲಿಲ್ಲ. ತಿರಿಗಿ ಬಂದ್ರ ಅಪ್ಪ, ಗಂಡಸು ಅಳಬಾರದು, ಅಂಗಡಿ ತಗೀ ಅಂದ. ತಗದ್ನಿ. ದಿನಾ ತಗದ್ನಿ. ನೀ ಒಳಗ ಕುಂತು ಆ ಕುಂಚಗಿ ಬಿಚ್ಚತಿದ್ದಿ. ನಾ ಬಾಗಲದಾಗ ನಿಂತಿದ್ನಿ."

"ಒಳಗ ಯಾಕ ಬರಲಿಲ್ಲ?"

"ಹೆಂಗ ಬರಬೇಕಂತ ಗೊತ್ತಾಗಲಿಲ್ಲ." ಇನ್ನೊಂದು ನೂಲು ಎಳೆದು, "ನಾಟಕದ ದಿನಾನೂ ಹಾಡ ಹಾಡಬೇಕಂತ ಹೋಗಿದ್ನಿ. ಆಗಲಿಲ್ಲ. ಸೀರಿ ಉಟ್ಟಾಗ ಯಾರೂ ಅಳಬ್ಯಾಡ ಅನ್ನಲಿಲ್ಲ ನೋಡು" ಅಂದರು.

ಹೊರಗೆ ನಿಂತವರ ದುಃಖ ನನಗೆ ಕಾಣಲೇ ಇಲ್ಲ. ನಾನು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದೆನಲ್ಲ… ಅವರ ಕೈ ಹಿಡಿದೆ. ಮಾಳಿಗೆಯ ಮೇಲೆ ಅವ್ವ ಇದ್ದಳು, ಇರಲಿ. ಇಬ್ಬರೂ ಅತ್ತೆವು. ಎಷ್ಟು ಹೊತ್ತೋ. ಬಿಸಿಲು ಕಂಬಳಿಯ ಮೇಲೆ ಬಂದು, ಅದನ್ನು ದಾಟಿ ಹೋಗಿತ್ತು.

ಹೋಗುವಾಗ ಹೇಳಿದರು, ಹುಕ್ಕೇರಿಯವರು ನಾಟಕಕ್ಕೆ ಕರೆದಿದ್ದಾರಂತೆ. "ನೀ ಬ್ಯಾಡಂದ್ರ ಕುಂಚಗಿ ಬಿಚ್ಚೂದಿಲ್ಲ. ಮಾಸ್ತರರ ಹಾಡ ಹಾಡತೇನಿ."

ವಿಚಾರ ಮಾಡುತ್ತೇನೆ ಅಂದೆ.

ಮೇ ೩. ಗೋಕಾಕ.

ಬಂದೆ. ಸರ್ವಿಸ್ ಮೋಟಾರಿನಲ್ಲಿ, ಮೈಯೆಲ್ಲ ಧೂಳು. ಕಲ್ಲೋಳಿಯಲ್ಲಿ ಟೈರು ಒಡೆದು ಎರಡು ತಾಸು ಕೂತೆವು.

ಅತ್ತೆಯವರು ದೃಷ್ಟಿಯ ಇಳಿ ತೆಗೆದು ಒಳಗೆ ಕರೆದರು. ಉಣ್ಣಲು ಬಡಿಸುವಾಗ ಇವರಿಗೆ, ಮೆಲ್ಲಗೆ, "ಮಾಡ್ರಿ" ಅಂದೆ. "ಏನ?" ಅಂದರು. "ಹುಕ್ಕೇರ್ಯಾಗ. ಹಾಡ ಬ್ಯಾಡ." ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು.

ಮೇ ೧೨. ಹುಕ್ಕೇರಿ. ಬೆಳಿಗ್ಗೆ.

ಅತ್ತೆಯವರು ತಾವೂ ಬರುವುದಾಗಿ ಹಟ ಹಿಡಿದರು, ಹಾಗಾಗಿ ನನಗೂ ಬರಲಿಕ್ಕಾಯಿತು. ಸಾಲಿಯ ಒಂದು ಖೋಲಿಯೇ ಬಣ್ಣದ ಮನೆ. ನಿನ್ನೆ ನಾನೇ ಒಳಗೆ ಹೋಗಿ ಇವರ ನಿರಿಗೆ ಹಿಡಿದೆ. ಪೌಡರು, ಕೃತಕ ಜಡೆ, ಗಿಲೀಟಿನ ಬುಗುಡಿ. ಅಣ್ಣಪ್ಪ ಮಾಸ್ತರರು ಹೊರಗೆ ಹೋಗಿ ನಿಂತರು. ಇವರು ಬುಗುಡಿ ಸರಿಮಾಡಿಕೊಂಡರು. "ಅಂಜಿಕಿ ಬರತೈತಿ" ಅಂದರು. "ನಾ ಇದೇನಿ" ಅಂದೆ.

ಈ ಸಲ ಎದ್ದು ಹೋಗಲಿಲ್ಲ. ಪೂರಾ ನೋಡಿದೆ. ಎಳೆಗಳೆಲ್ಲ ಬಿಚ್ಚಿದ ಮೇಲೆ ಇವರು ಆ ಚೂರು ಅರಿವೆಯನ್ನು ತೊಡೆಯ ಮೇಲೆ ಹರವಿ, ಅಂಗೈಯಿಂದ ತೀಡಿದರು. ಅಂಗಡಿಯಲ್ಲಿ ಸುಕ್ಕು ತೆಗೆಯುವ ಹಾಗೆ. ಮತ್ತೆ ಮತ್ತೆ. ಅದು ನಾನು ಮಾಡಿದ್ದಲ್ಲ. ಅದು ಇವರದೇ.

ಕತ್ತಲಲ್ಲಿ ಅತ್ತೆಯವರು ನನ್ನ ಮೊಣಕಾಲ ಮೇಲೆ ಕೈ ಇಟ್ಟರು.

"ನನ್ನವೂ ಎರಡು ಹೋದ್ವು, ರಾಚಪ್ಪನಕಿಂತಾ ಮೊದಲ. ನಿಮ್ಮ ಮಾವ ಆ ದಿನಾನೂ ಅಂಗಡಿ ತಗದ್ರು. ಈ ಮನಷ್ಯಾಗ ಎದಿನ ಇಲ್ಲ ಅಂತ ತಿಳದಿದ್ನಿ, ಇಷ್ಟ ವರ್ಷ." ಮೂಗು ಒರೆಸಿಕೊಂಡರು. "ಇತ್ತೋ ಏನೋ. ಪಾಪ. ಯಾರು ಕೇಳಿದ್ರು?"

ಮೇ ೧೫. ಗೋಕಾಕ. ಮಧ್ಯಾಹ್ನ.

ವಾಯಿಲ್ ಮುಗಿಯುತ್ತ ಬಂದಿದೆ. ಹುಕ್ಕೇರಿಯಿಂದಲೂ ಕೇಳಿಕೊಂಡು ಬಂದಿದ್ದರು. ಮಾವನವರು ಮುಂಬೈಗೆ ಇನ್ನೊಂದು ಪಾರ್ಸೆಲ್ಲಿಗೆ ಬರೆಯಬೇಕಂತೆ. ನನ್ನೊಡನೆ ನೇರ ಮಾತಾಡುವುದಿಲ್ಲ ಅವರು. ನಡುಬಾಗಿಲಲ್ಲಿ ನಿಂತು ಅತ್ತೆಯವರಿಗೆ, "ಆಕಿನ್ನ ಕೇಳು, ಯಾವ್ಯಾವ ಬಣ್ಣ ತರಸೂದಂತ" ಅಂದು, ಸ್ಯಾಂಪಲ್ ಕಾರ್ಡು ಒಳಗೆ ಕೊಟ್ಟರು. ಅತ್ತೆಯವರು ಅವರಿಗೆ ಮಜ್ಜಿಗೆ ಕೊಟ್ಟು, ಕುಡಿಯುವ ತನಕ ಅಲ್ಲೇ ನಿಂತಿದ್ದರು. ಎಂದೂ ನಿಲ್ಲುತ್ತಿರಲಿಲ್ಲ.

ಕಾರ್ಡು ಮುಂದಿದೆ. ಚಿಕ್ಕ ಚಿಕ್ಕ ತುಂಡುಗಳು. ಎಳೆ ನಿಂಬೆ ಒಂದು ಚೆನ್ನಾಗಿದೆ. ತಿಳಿ ನೀಲಿ ಮೂಡಲಗಿ ಕಡೆ ಹೋಗುತ್ತದೆ. ಮೋಡದ ಬಣ್ಣದ್ದು… ಉಡುವವರು ಯಾರು? ನಾನು ಉಟ್ಟರೆ? ಅತ್ತೆಯವರು ಬೇಡವೆನ್ನಲಿಕ್ಕಿಲ್ಲ ಈಗ.

ಅಂಗಡಿಯಿಂದ ಕರೆಯುತ್ತಿದ್ದಾರೆ. ಮಾವನವರ ದನಿ ಅಲ್ಲ. ಇವರು! ಹೆಸರು ಹಿಡಿದು. ಹಾಡುಹಗಲು, ಅಪ್ಪ ಅವ್ವನ ಎದುರಿಗೆ, ಗಿರಾಕಿಗಳ ಎದುರಿಗೆ —

"ಶಂಕ್ರವ್ವಾ, ಇಲ್ಲಿ ಬಾ ಒಂದೀಟು, ಬೆಳಕಿನ್ಯಾಗ ನೋಡಿ ಹೇಳು."

ನಾನು ಆ ಬಾಗಿಲು ಎಂದೂ ದಾಟಿಲ್ಲ. ಕಾರ್ಡು ಹಿಡಿದು ಏಳುತ್ತಿದ್ದೇನೆ.