ಕ್ಯಾಪ್ಟನ್ ಕಿಲೊನ್ಜೊ ಒಪ್ಪಿಕೊಂಡದ್ದು ಯಾವಾಗ?

ನಮ್ಮ ವಿಮಾನ ಸಂಸ್ಥೆಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಒಪ್ಪದ ಮನುಷ್ಯ ಒಪ್ಪಿದನೆಂದು ಸುತ್ತೋಲೆ ಹೊರಡಿಸಿದ್ದೀರಿ. ಅದನ್ನು ಹಿಂದಕ್ಕೆ ಪಡೆಯಿರಿ. ಸಿಟ್ಟಿನಲ್ಲೇ ಬರೆಯಲು ಕುಳಿತೆ, ನಿಜ. ಆದರೆ ಶನಿವಾರದ ನಮ್ಮ ಸಂಘದ ಸಭೆ ನೆನಪಾದಾಗಲೆಲ್ಲ ನಗು ಉಕ್ಕಿ ಬಂದು ಪೆನ್ನು ಜಾರುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು.

ನೈರೋಬಿಯ ಮೊಂಬಾಸಾ ರಸ್ತೆಯ ಹೋಟೆಲಿನಲ್ಲಿ ಸಂಬಳದ ಮಾತುಕತೆ ಮೂರನೆಯ ವಾರಕ್ಕೆ ಕಾಲಿಟ್ಟಿತ್ತು. ತಾವು ಗಂಟಲು ಸರಿಮಾಡಿಕೊಂಡು ಓದಿದಿರಿ: ಏರಿಕೆ ಶೇಕಡಾ ಮೂರು, ಅವಧಿ ನಾಲ್ಕು ವರ್ಷ, ಮನೆಯಲ್ಲಿ ಕಂಪನಿಯ ಕರೆಗಾಗಿ ಕಾದು ಕುಳಿತ ದಿನವೂ ವಿಶ್ರಾಂತಿಯ ದಿನವೇ. ಆಹಾ, ಎಂಥ ವಿಶ್ರಾಂತಿ! ಬಚ್ಚಲಿಗೂ ಫೋನು ಹಿಡಿದು ಹೋಗಬೇಕು, ಮೈಗೆ ಸೋಪು ಹಚ್ಚಿಕೊಂಡು ಗಂಟೆ ಬಾರಿಸಿತೇ ಎಂದು ಕಿವಿಗೊಡಬೇಕು. ನಮ್ಮ ಕಡೆಯ ಮುಖ್ಯ ಮಾತುಗಾರರಾದ ಕ್ಯಾಪ್ಟನ್ ಕಿಲೊನ್ಜೊ ನೀವು ಓದಿದ್ದನ್ನು ಒಂದಕ್ಷರ ಬಿಡದೆ ತಿರುಗಿ ಹೇಳಿದರು. ನೀವು ಫೈಲು ಮುಚ್ಚಿ ಕೈಕುಲುಕಿದಿರಿ. ಊಟಕ್ಕೆ ಏಳುತ್ತಿದ್ದೀರಿ ಎಂದುಕೊಂಡು ಪಾಪ, ಅವರೂ ಕುಲುಕಿದರು. ಮರುದಿನ ಬೆಳಿಗ್ಗೆ ನಮ್ಮ ಕೊಠಡಿಯ ಗೋಡೆಯ ಮೇಲೆ ಸುತ್ತೋಲೆ: 'ಪೈಲಟ್‌ಗಳ ಸಂಘ ಒಪ್ಪಿದೆ.'

ಸ್ವಾಮೀ, ವಿಮಾನ ಸಂಸ್ಥೆಯಲ್ಲಿ ಹನ್ನೆರಡು ವರ್ಷ ಕುರ್ಚಿ ಬಿಸಿಮಾಡಿದ ತಮಗೆ ಇಷ್ಟೂ ತಿಳಿಯದೇ? ನೆಲದಿಂದ ರೇಡಿಯೋದಲ್ಲಿ ಬಂದ ಮಾತನ್ನು ಪೈಲಟ್ ತಿರುಗಿ ಹೇಳುವುದು, ಕೇಳಿಸಿದ್ದು ಸರಿಯೇ ಎಂದು ಖಾತ್ರಿ ಮಾಡಿಕೊಳ್ಳಲು. ಮಾಡುತ್ತೇನೆ ಎನ್ನಲು ನಮ್ಮಲ್ಲಿ ಬೇರೆಯದೇ ಮಾತಿದೆ. ಮೂವತ್ತೊಂದು ವರ್ಷ ಹೀಗೆ ತಿರುಗಿ ಹೇಳಿದ ನಾಲಗೆ ಹೋಟೆಲಿನಲ್ಲಿ ಸುಮ್ಮನಿರುತ್ತದೆಯೇ? ಚಹ, ಕರಿದ ತಿಂಡಿ ತಂದಿಟ್ಟ ಮಾಣಿ "ಎರಡು ಚಹ, ನಾಲ್ಕು ಮಂದಾಜಿ" ಎಂದರೆ ಇವರೂ "ಎರಡು ಚಹ, ನಾಲ್ಕು ಮಂದಾಜಿ" ಎನ್ನುತ್ತಾರೆ. ಮನೆಯಲ್ಲಿ ಅವರ ಹೆಂಡತಿ, "ಈ ಮನುಷ್ಯನ ಜೊತೆ ಜಗಳ ಆಡೋಕೂ ಆಗಲ್ಲ ಕಣೇ. ನಾನು ಬೈದಿದ್ದನ್ನೇ ನಂಗೆ ಒಪ್ಪಿಸ್ತಾರೆ" ಎಂದು ನನ್ನ ಬಳಿ ಗೋಳಾಡಿದ್ದಾರೆ.

ಇಷ್ಟೆಲ್ಲ ಬಲ್ಲ ನಾನೇ ನಿಮ್ಮ ಹಾಳೆಯನ್ನು ನಂಬಿಬಿಟ್ಟೆ. ಶನಿವಾರ ಎಂಬಕಾಸಿ ಬಡಾವಣೆಯ ಚರ್ಚಿನ ಸಭಾಂಗಣದಲ್ಲಿ ಇನ್ನೂರ ಹನ್ನೆರಡು ಪೈಲಟ್‌ಗಳು ಸೇರಿದ್ದೆವು. ಮೊದಲು ಎದ್ದು ಕ್ಯಾಪ್ಟನ್ ಕಡೆ ಕೂಗಿದವಳು ನಾನು.

"ಎಷ್ಟಕ್ಕೆ ಮಾರಿದ್ರಿ ನಮ್ಮನ್ನ?"

ಅಡ್ಡಗಾಳಿಯಲ್ಲಿ ವಿಮಾನ ಇಳಿಸುವುದನ್ನು ನನಗೆ ಕಲಿಸಿದವರು ಅವರು. ಟೋಪಿ ಕೈಯಲ್ಲಿ ಹಿಡಿದು, "ನಾನು ಬರೀ ತಿರುಗಿ ಹೇಳ್ದೆ ಮಗಾ. ಒಪ್ಪಿಲ್ಲ" ಎಂದರು.

"ಕಥೆ ಕಟ್ಬೇಡಿ!" ಎಂದು ಹಿಂದಿನ ಸಾಲುಗಳಿಂದ ಕೂಗು. ಯಾರೋ ರಾಜೀನಾಮೆ ಕೇಳಿದರು. ಕಾರ್ಯದರ್ಶಿ ಒಮೊಲೊ ಮೈಕು ಕಿತ್ತುಕೊಂಡು, "ಸುಮ್ನಿರ್ರಪ್ಪಾ! ಅದ್ರಲ್ಲಿ ಏನಿದೆ ಅಂತ ಮೊದ್ಲು ಕೇಳಿ" ಎಂದು ಸುತ್ತೋಲೆ ಓದತೊಡಗಿದರು. ಹಳೆಯ ಮೈಕು, ಥೇಟ್ ರೇಡಿಯೋದಂತೆ ಗೊರಗುಟ್ಟುತ್ತಿತ್ತು. "ಏರಿಕೆ ಶೇಕಡಾ ಮೂರು, ಅವಧಿ ನಾಲ್ಕು ವರ್ಷ."

"ಏರಿಕೆ ಶೇಕಡಾ ಮೂರು, ಅವಧಿ ನಾಲ್ಕು ವರ್ಷ," ಎಂದಿತು ಇಡೀ ಸಭೆ.

ದೇವರಾಣೆ ಸ್ವಾಮೀ, ಒಬ್ಬರೂ ಬಾಕಿಯಿಲ್ಲದಂತೆ, ಒಂದೇ ದನಿಯಲ್ಲಿ, ನಾನೂ ಸೇರಿ! ಆಮೇಲೆ ಮೂಲೆಯಿಂದ ಒಬ್ಬ, "ಅಯ್ಯಯ್ಯೋ, ನಾವೂ ಒಪ್ಕೊಂಡ್ಬಿಟ್ವಲ್ಲೋ!" ಎಂದು ಅರಚಿದ. ಬೆಂಚುಗಳು ಉರುಳಿದವು. ಒಮೊಲೊ ಮೈಕು ಬಿಟ್ಟು ಹೊಟ್ಟೆ ಹಿಡಿದುಕೊಂಡರು. ಕ್ಯಾಪ್ಟನ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಹತ್ತಿರ ಹೋಗಿ, "ತಪ್ಪಾಯ್ತು, ನಾಲಗೆ ಜಾರ್ತು" ಎಂದೆ.

"ತಪ್ಪಾಯ್ತು, ನಾಲಗೆ ಜಾರ್ತು," ಎಂದರು ಪುಣ್ಯಾತ್ಮರು, ಒದ್ದೆ ಕಣ್ಣಿನಲ್ಲಿ.

ಆಮೇಲೆ ಮತ ಹಾಕಿದೆವು. ನಿಮ್ಮ ಒಪ್ಪಂದದ ಪರವಾಗಿ ಸೊನ್ನೆ, ವಿರುದ್ಧ ಇನ್ನೂರ ಹನ್ನೆರಡು. ಒಂದೇ ಬಾಯಲ್ಲಿ ನಿಮ್ಮ ಮಾತು ತಿರುಗಿ ಹೇಳಿದ ಅದೇ ಇನ್ನೂರ ಹನ್ನೆರಡು ಜನ. ಒಪ್ಪಿಗೆಗೂ ಮರುನುಡಿಗೂ ಇರುವ ಅಂತರಕ್ಕೆ ಇನ್ನೇನು ಸಾಕ್ಷಿ ಬೇಕು?

ಬರುವ ಶುಕ್ರವಾರ ಕ್ಯಾಪ್ಟನ್ ಕಿಲೊನ್ಜೊ ನಿವೃತ್ತರಾಗುತ್ತಾರೆ. ಅಂದು ಕಿಸುಮುವಿಗೆ ಅವರ ಕೊನೆಯ ಹಾರಾಟ. ಸಭೆಗೆ ಬಾರದವರು, ಎಂಜಿನಿಯರ್‌ಗಳು, ಸಾಮಾನು ಹೊರುವವರು ಎಲ್ಲರೂ ಇವತ್ತಿಗೂ ನಿಮ್ಮ ಹಾಳೆ ಓದಿ ಅವರನ್ನು ಓರೆಗಣ್ಣಿನಿಂದ ನೋಡುತ್ತಿದ್ದಾರೆ. ಗುರುವಾರ ಸಂಜೆಯೊಳಗೆ ಆ ಹಾಳೆ ಗೋಡೆಯಿಂದ ಇಳಿಯಬೇಕು. ಅಲ್ಲೇ ನಿಮ್ಮ ಸಹಿಯಿರುವ ಇನ್ನೊಂದು ಹಾಳೆ ಏರಬೇಕು: ಕ್ಯಾಪ್ಟನ್ ಕಿಲೊನ್ಜೊ ಒಪ್ಪಿರಲಿಲ್ಲ. ಸಂಬಳದ ಜಗಳ ತಿಂಗಳುಗಟ್ಟಲೆ ಆಡೋಣ, ನನಗೆ ಅವಸರವಿಲ್ಲ, ಅವರಿಗಿದೆ. ಕಿಸುಮುವಿನಲ್ಲಿ ಇಳಿದ ಮೇಲೆ, 'ಇವತ್ತು ನಿಮ್ಮನ್ನು ಕರೆತಂದವರು ಯಾರು' ಎಂದು ಪ್ರಯಾಣಿಕರಿಗೆ ಹೇಳುವ ಪಾಳಿ ಪಕ್ಕದ ಸೀಟಿನಲ್ಲಿರುವ ನನ್ನದು. ಮೂವತ್ತೊಂದು ವರ್ಷ ಒಬ್ಬರ ಕೂದಲೂ ಕೊಂಕದಂತೆ ಇಳಿಸಿದವರು ತಲೆ ತಗ್ಗಿಸಿಕೊಂಡು ಆ ಮೆಟ್ಟಿಲು ಇಳಿಯಬಾರದು.

ಇಂತಿ,
ಗುರುವನ್ನು ತುಂಬಿದ ಸಭೆಯಲ್ಲಿ ಬೈದು, ಅದೇ ಬಾಯಲ್ಲಿ ಈಗ ನಿಮ್ಮನ್ನು ಬೇಡುತ್ತಿರುವ
ನಸಿಮಿಯು, ಸಹ ಪೈಲಟ್, ನೈರೋಬಿ