ಅಗಲ ಟಯರು

ಪಾರ್ವತಿನಗರ, ಬಳ್ಳಾರಿ
ಅಕ್ಟೋಬರ್ ೧೪, ಮಂಗಳವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀ? ಅಲ್ಲಿ ಬಿಸಿಲು ಇಳಿಯಿತಾ? ಮರುಭೂಮಿಯ ಮರಳಲ್ಲಿ ಗಾಡಿ ಓಡಿಸಿ ಓಡಿಸಿ ಸೊಂಟ ಹಿಡಿದಿದೆ ಅಂದಿದ್ದೆ, ಬೆಲ್ಟ್ ಹಾಕಿಕೊಳ್ಳುತ್ತಿದ್ದೀಯಾ? ನನ್ನ ಕಾಲೇಜು ಓಕೆ. ಫಸ್ಟ್ ಇಂಟರ್ನಲ್ಸ್‌ನಲ್ಲಿ ಮೆಕ್ಯಾನಿಕ್ಸ್ ಹೋಗಿದೆ, ಇರಲಿ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿದ್ದವಳು, ಪತ್ರ ಅಂದರೆ 'ಎಲ್ಲ ಚೆನ್ನಾಗಿದೆ' ಅಂತ ಬರೆದೇ ಅಭ್ಯಾಸ. ಇದು ಹಾಗಲ್ಲ. ಫೋನಿನಲ್ಲಿ ನಿನಗೆ ಏನೂ ಹೇಳಕೂಡದು ಅಂತ ಅಮ್ಮ ಆಣೆ ಹಾಕಿಸಿಕೊಂಡಿದ್ದಾಳೆ. ಪತ್ರದ ಮಾತು ಎತ್ತಿಲ್ಲ. ನಿನ್ನ ಕ್ಯಾಂಪಿಗೇ ಕೆಲಸಕ್ಕೆ ಬರುವ ಪಕ್ಕೀರಪ್ಪ ಮಾಮ ಇವತ್ತು ವಿಮಾನಕ್ಕೆ ಹೊರಡುತ್ತಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ಅಮ್ಮ ಡಯಾಲಿಸಿಸ್‌ಗೆ ಬಳ್ಳಾರಿಗೆ ಬರುವಾಗ ಮೈ ಕುಲುಕಬಾರದು ಅಂತ ನೀನು ಅಲ್ಲಿಂದಲೇ ಕೌಲ್ ಬಜಾರಿನ ಅಂಗಡಿಗೆ ಫೋನ್ ಮಾಡಿ ಜೀಪಿಗೆ ಅಗಲ ಟಯರು ಹಾಕಿಸಿದೆಯಲ್ಲ. ಬೇಸಿಗೆಯಲ್ಲಿ ನಿಜಕ್ಕೂ ಸೂಪರ್. ಅಮ್ಮ ತೊಟ್ಟಿಲಲ್ಲಿ ಕೂತ ಹಾಗೆ ಬರುತ್ತಿದ್ದಳು. ಆದರೆ ಅಪ್ಪಾ, ಅದು ನಿನ್ನ ಮರಳಿಗೆ ಸರಿ. ಮಳೆ ಬಿದ್ದ ಮೇಲೆ ನಮ್ಮೂರಿಂದ ಕುರುಗೋಡು ರಸ್ತೆವರೆಗಿನ ಎರೆಮಣ್ಣಿನಲ್ಲಿ ಅದು ತೇಲುತ್ತದೆ. ಹಳೆಯ ತೆಳ್ಳನೆಯ ಟಯರು ಕೆಸರು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತಿತ್ತು. ದಸರಾ ರಜೆಯಲ್ಲಿ ನಾನೂ ಹಿಂದೆ ಕೂತಿದ್ದೆ: ಸ್ಟೀರಿಂಗ್ ತಿರುಗಿಸಿದರೂ ಜೀಪು ನೇರ ಜಾರಿತು, ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿ ಗಾಲಿಯೇ ನಿಂತಿತು. ಅಜ್ಜ ಇಳಿದು ಕುಡುಗೋಲಿನಿಂದ ಕೆರೆಯುತ್ತಾ, "ಎಮ್ಮಿಗೆ ಬೂಟು ಹಾಕ್ಸ್ಯಾನ ನನ್ಮಗ" ಅಂತ ಬೈದ. ಕೊಟ್ಟಿಗೆಯಲ್ಲಿರುವ ಹಳೇವನ್ನೇ ಹಾಕೋಣ ಅಂದರೆ ಅಮ್ಮ ಬಿಡಲಿಲ್ಲ. "ಶುಕ್ರವಾರ ಬಂದ್ರ ವಿಡಿಯೋದಾಗ ಜೀಪು ತೋರ್ಸು ಅಂತಾರ. ಟಯರು ಕಾಣ್ಲಿಲ್ಲಂದ್ರ ಅವರ ಮುಖ ಏನಾಗ್ಬೇಕು? ಮಳಿ ನಿಲ್ತೈತಿ, ಸುಮ್ನಿರ್ರಿ." ಪ್ರತಿ ಶುಕ್ರವಾರ ಅಜ್ಜ ಟಯರು ತೊಳೆದಿಡುತ್ತಿದ್ದ. ನೀನು ನೋಡಿ ನಗುತ್ತಿದ್ದೆ.

ಹೋದ ವಾರ ಮಳೆ ನಿಲ್ಲಲಿಲ್ಲ. ಜೀಪು ಹೊಲದ ತಿರುವಿನಲ್ಲಿ ಆಕ್ಸಲ್ ತನಕ ಕೂತುಬಿಟ್ಟಿತು. ಸಿರುಗುಪ್ಪ ಕಡೆ ಆಸ್ಪತ್ರೆಗೆ ಹೋಗೋಣ ಅಂದರೆ ಹಳ್ಳ ತುಂಬಿ ಬಂದಿತ್ತು. ಒಂದು ಡಯಾಲಿಸಿಸ್ ತಪ್ಪಿತು, ಆಮೇಲೆ ಇನ್ನೊಂದು. ಟ್ರ್ಯಾಕ್ಟರಿನಲ್ಲಿ ಕರೆತರುವಷ್ಟರಲ್ಲಿ ಎದೆಯಲ್ಲಿ ನೀರು ತುಂಬಿತ್ತು. ಈಗ ಅಡ್ಮಿಟ್ ಆಗಿದ್ದಾಳೆ, ನಾನು ವಾರ್ಡಿನಿಂದಲೇ ಕ್ಲಾಸಿಗೆ ಹೋಗಿ ಬರುತ್ತೇನೆ. ಯಾರ ತಪ್ಪೂ ಅಲ್ಲ ಅಂತ ಬರೆಯಬೇಕು ಅಂದುಕೊಂಡಿದ್ದೆ. ಕೈ ಬರುತ್ತಿಲ್ಲ, ಸಾರಿ.

ಅಜ್ಜ ನಿನ್ನನ್ನು ಬೈಯುವುದು ಬಿಟ್ಟಿದ್ದಾನೆ, ಆಶೀರ್ವಾದ ತಿಳಿಸು ಅಂದ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಕಾವೇರಿ

ತಾ.ಕ.: ಮಾಮನ ಆಟೋ ಬಂತು. ನಾಳೆ ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದಾರೆ ಡಾಕ್ಟರು. ವಾಸಿಯಾಗಿ ಅಲ್ಲ. ಅಜ್ಜ ಹಳೇ ಟಯರು ಹಾಕಿಸಿಕೊಂಡು ಬಂದಿದ್ದಾನೆ, ಕೆಸರಿನಲ್ಲಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲವಂತೆ. ಅದನ್ನು ಕೇಳಿ ಅಮ್ಮ, "ಅವರು ಬರೋದ್ರಾಗ ಹೊಸಾವು ಹಾಕಿರ್ರಿ" ಅಂದಳು. ಶುಕ್ರವಾರದ ಫೋನಿಗೆ ಕಾಯಬೇಡ, ಇದು ಸಿಕ್ಕ ದಿನವೇ ಹೊರಡು. ಬಂದವನೇ ಟಯರು ಚೆನ್ನಾಗಿ ಓಡಿದವಾ ಅಂತ ಅವಳನ್ನು ಕೇಳು. ಮಾತಾಡುವ ಹಾಗಿದ್ದರೆ, ಹೂಂ ಅಂತಾಳೆ.