ಮಾಳಿಗೆಯಿಂದ ಬೀಸಿದ ಕೈ

ಹೊಸದುರ್ಗ

ವಿಜ್ಞಾನದ ಮೇಷ್ಟ್ರಿಗೆ ನಮಸ್ಕಾರ.

ಸಂಜೆ ಬಾಹ್ಯಾಕಾಶ ನಿಲ್ದಾಣ ನಮ್ಮೂರ ಮೇಲೆ ಹಾಯುತ್ತದೆ, ಅದರೊಳಗಿನ ಜನಕ್ಕೆ ಕೈ ಬೀಸಿ ಎಂದು ನೀವು ಮಕ್ಕಳಿಗೆ ಹೇಳಿದ್ದಿರಿ. ಮಗಳು ಬಿಂದು ಜೊತೆ ನಾನೂ ಮಾಳಿಗೆ ಹತ್ತಿ ಕೈ ಬೀಸಿದೆ. ಎದುರು ಮನೆಯ ಶಿವು ತನ್ನ ಮಾಳಿಗೆಯಲ್ಲಿ ಒಣಮೆಣಸಿನಕಾಯಿ ಚೀಲಕ್ಕೆ ತುಂಬುತ್ತಿದ್ದ.

“ಶಿವುಗೆ ಕೈ ಬೀಸ್ತಿದೀಯೇನ್ಲೇ?” ಎಂದರು ನಮ್ಮ ಯಜಮಾನರು.

“ಆಕಾಶದಾಗೆ ಜನ ಅವ್ರೆ ಕಣ್ರಿ,” ಎಂದೆ.

ಕಬ್ಬಿಣದ ಪೈಪಿನಿಂದ ನನ್ನ ಬಲಗೈ ಮುರಿದರು. ಬಿಡಿಸಲು ಓಡಿಬಂದ ಶಿವುನ ತಲೆ ಒಡೆದರು. ಅವನಿಗಿನ್ನೂ ಪ್ರಜ್ಞೆ ಬಂದಿಲ್ಲ.

ಬಿಂದುಗೆ ಈ ವಾರ ರಜೆ ಕೊಡಿ. ನಾನು ಹೇಳಿದ್ದನ್ನು ಬರೆಯುತ್ತಿರುವವಳು ಅವಳೇ. ನೀವು ಪೊಲೀಸ್ ಠಾಣೆಗೆ ಬಂದು, ಮೇಲೆ ನಿಜವಾಗಿಯೂ ಜನ ಇದ್ದಾರೆಂದು ಹೇಳಿ. ಅದು ಮತ್ತೆ ಯಾವಾಗ ಹಾಯುತ್ತದೆಂದೂ ತಿಳಿಸಿ. ನನ್ನ ಎಡಗೈ ಚೆನ್ನಾಗಿದೆ.

ಇಂತಿ,
ಬಿಂದುವಿನ ತಾಯಿ ಯಮುನಾ